ಗಾಯ ಮೈಮೇಲಿದೆ, ದಾಖಲೆಯಲ್ಲಿಲ್ಲ

2013ರ ಜನವರಿಯಲ್ಲಿ ಜಮ್ಮು–ಕಾಶ್ಮೀರದ ನಿಯಂತ್ರಣ ರೇಖೆಯ ಬಳಿ ಗಸ್ತಿಗೆ ಹೋಗಿದ್ದ ನಾಯಕ್ ಹುದ್ದೆಯ ಯೋಧರೊಬ್ಬರು ಕೊರೆಯುವ ಚಳಿಯಲ್ಲಿ ಅಸ್ವಸ್ಥರಾಗಿ ತೀರಿಕೊಂಡರು. ಪಲ್ಟನ್ ಮೊದಲು ಬರೆದದ್ದು ‘ಬ್ಯಾಟಲ್ ಕ್ಯಾಶುವಲ್ಟಿ’, ಅಂದರೆ ಯುದ್ಧಕಾರ್ಯದ ಸಾವು. ಆಮೇಲೆ ಅದು ‘ಫಿಸಿಕಲ್ ಕ್ಯಾಶುವಲ್ಟಿ’, ಅಂದರೆ ಯುದ್ಧಕಾರ್ಯದ್ದಲ್ಲದ ಸಾವು, ಆಯಿತು. ಒಂದು ಪದ ಬದಲಾದದ್ದಕ್ಕೆ ಅವರ ಪತ್ನಿಗೆ ಸಿಗಬೇಕಿದ್ದ ಉದಾರೀಕೃತ ಕುಟುಂಬ ಪಿಂಚಣಿ ಕೈತಪ್ಪಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆಕೆಯ ಪರವಾಗಿ ತೀರ್ಪು ಕೊಟ್ಟರೂ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಡಿಸೆಂಬರ್ 3ರಂದು ಮೇಲ್ಮನವಿ ವಜಾ ಮಾಡಿದ ಕೋರ್ಟು, ಆಕೆಯನ್ನು ಅಲ್ಲಿಯವರೆಗೆ ಎಳೆದು ತಂದದ್ದಕ್ಕೆ ಸರ್ಕಾರವೇ ₹50,000 ತೆರಬೇಕೆಂದಿತು.

ಆ ಕುಟುಂಬ ನಮ್ಮ ಸೀಮೆಯದಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಮಿಲಿಟರಿ ಪಿಂಚಣಿಯ ಮೇಲೆ ನಿಂತ ಮನೆಗಳಿಗೆ ಈ ತೀರ್ಪು ದೂರದ ಸುದ್ದಿಯೂ ಅಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ, ಅದರ ರೆಕಾರ್ಡ್ಸ್ ಕಚೇರಿಯೂ ಅಲ್ಲೇ ಇದೆ. ತೋಪಖಾನೆಗೆ ಸೇರಿದವರ ಕಡತ ನಾಸಿಕ್ ರೋಡ್‌ನಲ್ಲಿ, ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ದಳದವರದು ಸಿಕಂದರಾಬಾದ್‌ನಲ್ಲಿ. ಎಲ್ಲೇ ಇರಲಿ, ಸೈನಿಕ ಊರಿಗೆ ಮರಳಿದ ಮೇಲೆ ಅವನ ಪರವಾಗಿ ಮಾತಾಡುವುದು ಆ ಕಡತವೇ.

ಗಾಯ ಕಾಗದಕ್ಕೆ ಇಳಿಯುವ ದಾರಿ ಉದ್ದವಿದೆ. ಗಾಯಾಳುವನ್ನು ಮೊದಲು ನೋಡುವುದು ಪಲ್ಟನ್ನಿನ ವೈದ್ಯರು. ಅಲ್ಲಿಂದ ಫೀಲ್ಡ್ ಆಸ್ಪತ್ರೆ, ಬೇಸ್ ಆಸ್ಪತ್ರೆ. ಇತ್ತ ಪಲ್ಟನ್ ಸಂದೇಶ ಕಳಿಸುತ್ತದೆ, ‘ಇಂಜುರಿ ರಿಪೋರ್ಟ್’ ತುಂಬುತ್ತದೆ, ಬೇಕಾದರೆ ವಿಚಾರಣೆ ನಡೆಸುತ್ತದೆ. ಬಳಿಕ ‘ಪಾರ್ಟ್ ಟು ಆರ್ಡರ್’ ಎಂಬ ದಾಖಲಾತಿ ಆದೇಶ ಹೊರಟು ರೆಕಾರ್ಡ್ಸ್ ಕಚೇರಿ ಸೇರಿ, ಸೈನಿಕನ ಸೇವಾ ದಾಖಲೆಯಾದ ಷೀಟ್ ರೋಲ್‌ನಲ್ಲಿ ಒಂದು ಸಾಲಾಗುತ್ತದೆ. ಸೇವೆಯಿಂದ ಬಿಡುವಾಗ ಮೆಡಿಕಲ್ ಬೋರ್ಡ್ ಆ ಸಾಲನ್ನು ನೋಡಿಯೇ ಅಂಗವೈಕಲ್ಯದ ಕಾರಣ ನಿರ್ಧರಿಸುತ್ತದೆ, ಪ್ರಯಾಗರಾಜದ ಪಿಂಚಣಿ ಲೆಕ್ಕ ಕಚೇರಿ ಅದರ ಮೇಲೆ ಪಿಂಚಣಿ ಪಾವತಿ ಆದೇಶ (ಪಿಪಿಒ) ಹೊರಡಿಸುತ್ತದೆ. ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡವರಿಗೆ ಸಲ್ಲುವ ಪರಾಕ್ರಮ ಪದಕಕ್ಕೂ ಆಧಾರ ಇವೇ ಕಾಗದಗಳು. ಗುಂಡು ಬೀಳುತ್ತಿರುವ ಠಾಣೆಯಲ್ಲಿ ಯಾರೋ ಅವಸರದಲ್ಲಿ ಬರೆದದ್ದು, ಅಥವಾ ಬರೆಯದೆ ಬಿಟ್ಟದ್ದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯನ ಮುಪ್ಪಿನವರೆಗೂ ಬರುತ್ತದೆ. ಅದನ್ನು ಬರೆಯುವ ವೇಳೆಗೆ ಗಾಯಾಳು ಆಸ್ಪತ್ರೆಯ ಮಂಚದ ಮೇಲೆ ಇರುತ್ತಾನೆ. ಏನು ಬರೆದರೆಂದು ಅವನಿಗೆ ಓದಿ ಹೇಳುವವರಿಲ್ಲ.

ಷೀಟ್ ರೋಲ್‌ನ ಆ ಸಾಲಿಗೆ ಹಣದ ತೂಕ ಬಂದದ್ದು 1971ರ ಯುದ್ಧದ ನಂತರ. 1972ರ ಫೆಬ್ರುವರಿ 24ರ ರಕ್ಷಣಾ ಸಚಿವಾಲಯದ ಆದೇಶ ಯುದ್ಧದಲ್ಲಿ ಮಡಿದವರಿಗೂ ಗಾಯಗೊಂಡವರಿಗೂ ಉದಾರ ಪಿಂಚಣಿಯ ದಾರಿ ತೆರೆಯಿತು. 2001ರ ಜನವರಿ 31ರ ಆದೇಶ ಸಾವು–ಅಂಗವೈಕಲ್ಯಗಳನ್ನು ‘ಎ’ಯಿಂದ ‘ಇ’ವರೆಗೆ ಐದು ವರ್ಗ ಮಾಡಿತು. ‘ಇ’ ವರ್ಗದಲ್ಲಿ ಯುದ್ಧ, ಗಡಿ ಚಕಮಕಿಗಳಷ್ಟೇ ಅಲ್ಲ, ನೆಲಬಾಂಬ್ ಹೂಳುವಾಗ, ತೆಗೆಯುವಾಗ ಆಗುವ ಅನಾಹುತವೂ ಸೇರಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ‘ಆಪರೇಷನ್ ಪರಾಕ್ರಮ’ ಶುರುವಾಗಿ ಪಶ್ಚಿಮ ಗಡಿಯುದ್ದಕ್ಕೂ ನೆಲಬಾಂಬ್ ಹೂಳಿದ್ದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ವರ್ಗ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಪೂರ್ಣ ಅಂಗವೈಕಲ್ಯದಿಂದ ಸೇವೆ ಬಿಟ್ಟವರಿಗೆ ಸಾಮಾನ್ಯ ಅಂಗವೈಕಲ್ಯದ ಭಾಗ ಕೊನೆಯ ಸಂಬಳದ ಶೇ 30. ಅದೇ ಗಾಯ ಯುದ್ಧಗಾಯ ಎಂದು ದಾಖಲಾಗಿದ್ದರೆ ಆ ಭಾಗವೇ ಕೊನೆಯ ಸಂಬಳದಷ್ಟು.

ಮೈಯಲ್ಲಿ ಹೊಕ್ಕ ಗುಂಡನ್ನು ಅಲ್ಲಗಳೆಯುವುದು ಕಷ್ಟ. ಕಾಗವಾಡದಾಚೆಯ ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದವರಾದ ಮುರಳಿಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡುಗಳನ್ನು ತಿಂದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದವರು. ಅಂಥ ಗಾಯ ಕಣ್ಣಿಗೆ ಕಾಣುತ್ತದೆ. ತಕರಾರು ಏಳುವುದು ಶೆಲ್ ಸಿಡಿದು ಮಂದವಾದ ಕಿವಿಗೆ, ಹಿಮ ತಿಂದ ಬೆರಳುಗಳಿಗೆ, ಒಳಗೇ ಉಳಿದ ಚೂರಿಗೆ. 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿ ಬಹಳ ಮುಖ್ಯ: ಭರ್ತಿಯಾಗುವಾಗ ದೋಷವೇನೂ ಬರೆದಿಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದ ಎಂದೇ ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು. ನ್ಯಾಯವಾದ ಮಾತು. ಕಡತವೆಲ್ಲ ಸೇನೆಯ ಕೈಯಲ್ಲೇ ಇರುವಾಗ ಸಾಕ್ಷಿಯನ್ನು ಮುದುಕನಿಂದ ಕೇಳುವುದು ಯಾವ ಧರ್ಮ?

ತಡವಾದಷ್ಟೂ ಕಳೆದುಕೊಳ್ಳುವವನು ಸೈನಿಕನೇ. 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಪಿಂಚಣಿಯ ಅನ್ಯಾಯ ತಿಂಗಳು ತಿಂಗಳೂ ಮುಂದುವರಿಯುವಂಥದ್ದು, ಆದ್ದರಿಂದ ತಡವಾಗಿ ಬಂದವರನ್ನೂ ಕೇಳಬಹುದು. ಆದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದಷ್ಟೇ. ಮೂವತ್ತು ವರ್ಷ ಸುಮ್ಮನಿದ್ದವನಿಗೆ ಇಪ್ಪತ್ತೇಳು ವರ್ಷದ ಹಣ ಹೋದಂತೆ. ಇನ್ನೂ ಕೆಟ್ಟದ್ದೆಂದರೆ, ಪಿಂಚಣಿ ಇಲ್ಲದೆ ಮನೆಗೆ ಕಳಿಸಿದವರ ಕಡತಗಳನ್ನು 25 ವರ್ಷದ ಬಳಿಕ ನಾಶ ಮಾಡಲು ಸೇನಾ ನಿಯಮವೇ ಅವಕಾಶ ಕೊಡುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1973ರ ಜುಲೈನಲ್ಲಿ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಸೇವಾ ಕಡತಗಳು ಸುಟ್ಟವು, ಅದು ಆಕಸ್ಮಿಕ; ನಮ್ಮಲ್ಲಿ ಅದೇ ನಿಯಮ. ಆ ದೇಶದಲ್ಲಿ ಸೇನಾ ದಾಖಲೆ ತಿದ್ದಲೆಂದೇ ಪ್ರತ್ಯೇಕ ಮಂಡಳಿಗಳಿವೆ, 1946ರ ಕಾಯ್ದೆಯಿಂದ ಹುಟ್ಟಿದವು. ನಮ್ಮಲ್ಲಿ ಮೊದಲು ರೆಕಾರ್ಡ್ಸ್ ಕಚೇರಿಗೆ ಅರ್ಜಿ, ಮೇಲ್ಮನವಿ, ನಂತರ 2007ರ ಕಾಯ್ದೆಯಡಿ 2009ರಲ್ಲಿ ಕೆಲಸ ಆರಂಭಿಸಿದ ನ್ಯಾಯಮಂಡಳಿ.

ರಾಜ್ಯದ ಗಡಿಯಲ್ಲಿರುವ ನಮ್ಮ ತಾಲ್ಲೂಕಿನವರಿಗೆ ಇನ್ನೊಂದು ತೊಡಕಿದೆ. 1965ರಲ್ಲಿ ಭರ್ತಿಯಾದವರ ಷೀಟ್ ರೋಲ್‌ನಲ್ಲಿ ತಾಲ್ಲೂಕು ಅಥಣಿ, ಜಿಲ್ಲೆ ಬೆಳಗಾಂ, ರಾಜ್ಯ ಮೈಸೂರು ಎಂದಿದ್ದರೆ, ಇಂದಿನ ಆಧಾರ್‌ನಲ್ಲಿ ತಾಲ್ಲೂಕು ಕಾಗವಾಡ, ಜಿಲ್ಲೆ ಬೆಳಗಾವಿ, ರಾಜ್ಯ ಕರ್ನಾಟಕ. ನಿಪ್ಪಾಣಿಯವರ ಹಳೆಯ ಕಾಗದದಲ್ಲಿ ತಾಲ್ಲೂಕು ಚಿಕ್ಕೋಡಿ. ಮನುಷ್ಯ ಮನೆ ಬಿಟ್ಟು ಕದಲಿಲ್ಲ, ವಿಳಾಸವೇ ಬದಲಾಯಿತು. ಹೆಸರಿನ ಅಕ್ಷರ ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಒಂದೊಂದು ಬಗೆಯಾಗಿದ್ದರೆ ಅಫಿಡವಿಟ್ಟುಗಳ ಸಾಲು ಬೇರೆ.

ಹಾಗಾಗಿ ಗಾಯದ ವರ್ಗ ಕೇಳುವುದಕ್ಕೆ ಮೊದಲು ಮಾಹಿತಿ ಹಕ್ಕಿನಡಿ ಷೀಟ್ ರೋಲ್, ಇಂಜುರಿ ರಿಪೋರ್ಟ್, ಮೆಡಿಕಲ್ ಬೋರ್ಡಿನ ವರದಿ, ಈ ಮೂರರ ನಕಲು ತರಿಸಿಕೊಳ್ಳಬೇಕು. ಬೆಳಗಾವಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಈ ಅರ್ಜಿಯನ್ನು ತಾನೇ ಬರೆದುಕೊಡುವಂತಾಗಬೇಕು, ಸೈನಿಕನ ಮಗನೋ ಮೊಮ್ಮಗನೋ ಏಜೆಂಟನನ್ನು ಹುಡುಕುವಂತಾಗಬಾರದು. ಇನ್ನು ನ್ಯಾಯಮಂಡಳಿಯ ಮಾತು. ನಿಪ್ಪಾಣಿಯ ಪಕ್ಕದ, ಮಹಾರಾಷ್ಟ್ರದ ಕಾಗಲ್‌ನವರು ಮುಂಬೈ ಪೀಠದ ವ್ಯಾಪ್ತಿಗೆ, ನಿಪ್ಪಾಣಿಯವರು ಕೊಚ್ಚಿ ಪೀಠದ ವ್ಯಾಪ್ತಿಗೆ. ಮರಾಠಾ ದಳದವರ ಕಡತಗಳಿರುವುದು ಬೆಳಗಾವಿಯಲ್ಲಿ, ಗಾಯಾಳುಗಳಿರುವುದು ಅಥಣಿ, ರಾಯಬಾಗದ ಹಳ್ಳಿಗಳಲ್ಲಿ. ವರ್ಷಕ್ಕೆ ಕೆಲವು ದಿನವಾದರೂ ಪೀಠ ಬೆಳಗಾವಿಗೆ ಬಂದು ಕೂರಬೇಕೆಂದು ಈ ಐದು ತಾಲ್ಲೂಕಿನ ಜನಪ್ರತಿನಿಧಿಗಳು ಒಟ್ಟಾಗಿ ಒತ್ತಾಯಿಸಬೇಕು.