ಬೇನೆ, ಅರಿವಳಿಕೆ, ಒಪ್ಪಿಗೆ

ಪ್ರಸವಕಾಲದ ನೋವನ್ನು ಔಷಧದಿಂದ ತಗ್ಗಿಸುವುದಕ್ಕೆ ಮೊದಲು ಆ ಔಷಧದ ಗುಣದೋಷಗಳನ್ನು ಪ್ರಸವಿಸತಕ್ಕ ಸ್ತ್ರೀಗೆ ತಿಳಿಯಹೇಳಿ ಅವಳ ಸಮ್ಮತಿಯನ್ನು ಪಡೆಯತಕ್ಕದ್ದೆಂಬ ನಿಯಮವು ವೈದ್ಯಶಾಸ್ತ್ರಕ್ಕೂ ನ್ಯಾಯಶಾಸ್ತ್ರಕ್ಕೂ ಸೇರಿದ್ದೆಂದು ಮೇಲ್ನೋಟಕ್ಕೆ ತೋರುವುದು. ಸಾಹಿತ್ಯಾಭ್ಯಾಸಿಗಳಿಗೆ ಇದರಲ್ಲಿ ಏನು ಕಾರ್ಯವೆಂದು ಕೇಳುವವರೂ ಉಂಟು. ಆದರೆ ತಿಳಿಯಹೇಳುವುದು ಮಾತಿನಿಂದ. ಮಾತು ತಪ್ಪಿದಲ್ಲಿ ತಿಳಿವು ತಪ್ಪುವುದು. ತಿಳಿವು ತಪ್ಪಿದಲ್ಲಿ ಸಮ್ಮತಿಯೆಂಬುದು ಹೆಬ್ಬೆರಳಿನ ಮಸಿಯಾಗಿ ಮಾತ್ರ ಉಳಿಯುವುದು. ಆದಕಾರಣ ಈ ವಿಷಯದಲ್ಲಿ ಶಬ್ದಾರ್ಥವಿಚಾರಕ್ಕೇ ಮೊದಲ ಸ್ಥಾನ.

ಕೊಡಗಿನ ಚೆಟ್ಟಳ್ಳಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಫಿ, ಮೆಣಸು, ಕಿತ್ತಳೆಗಳ ತೋಟಗಳ ನಡುವೆ ಇರುವ ಈ ಗ್ರಾಮವು ಕಾಫಿಯ ಸಂಶೋಧನೋಪಕೇಂದ್ರದಿಂದಲೂ ತೋಟಗಾರಿಕೆಯ ಪ್ರಯೋಗಕೇಂದ್ರದಿಂದಲೂ ಕೃಷಿಜ್ಞರಿಗೆ ಪರಿಚಿತವಾಗಿದೆ. ಭಾಷೆಯನ್ನು ಅಭ್ಯಸಿಸುವವರಿಗೂ ಇದು ಗಮನಾರ್ಹವಾದ ಸೀಮೆ. ಕೊಡವ ತಕ್ಕು, ಅರೆಭಾಷೆ, ತುಳು, ಮಲೆಯಾಳ, ತಮಿಳು, ಯರವರ ನುಡಿ, ಜೇನುಕುರುಬರ ನುಡಿ ಇವೆಲ್ಲವೂ ಈ ಪ್ರಾಂತದ ತೋಟಗಳಲ್ಲಿ ಕಿವಿಗೆ ಬೀಳುವುವು. ಇತ್ತೀಚಿನ ದಶಕಗಳಲ್ಲಿ ಅಸ್ಸಾಮು, ಬಂಗಾಳಗಳಿಂದ ಕೂಲಿಗೆ ಬಂದವರ ಮಾತುಗಳೂ ಇವುಗಳೊಡನೆ ಸೇರಿವೆ. ಕಚೇರಿಯ ಭಾಷೆ ಕನ್ನಡ; ವೈದ್ಯರು ಕಲಿತ ಭಾಷೆ ಇಂಗ್ಲಿಷು. ತೋಟದ ಲೈನಿನ ಮನೆಯಿಂದ ಬೇನೆ ಹತ್ತಿದ ಮೇಲೆ ಮಡಿಕೇರಿಯ ಕಡೆಗೆ ಹೊರಟ ಹೆಂಗಸು ಈ ಎರಡನ್ನೂ ಮನೆಮಾತಾಗಿ ಅರಿಯದವಳಾಗಿರಬಹುದು. ಅಂಥವಳ ಮುಂದೆ ಇಡುವ ಕಾಗದದಲ್ಲಿ ಸಾಧಾರಣವಾಗಿ ಎರಡು ಮುಖ್ಯ ಶಬ್ದಗಳಿರುತ್ತವೆ: ಒಂದು ‘ಅರಿವಳಿಕೆ’, ಇನ್ನೊಂದು ‘ಅನುಮತಿ’ ಅಥವಾ ‘ಒಪ್ಪಿಗೆ’. ಕನ್ನಡವನ್ನು ಚೆನ್ನಾಗಿ ಬಲ್ಲವರಿಗೂ ಈ ಶಬ್ದಗಳು ಎಡೆಮಾಡಿಕೊಡುವ ಭ್ರಾಂತಿ ಅಲ್ಪವಲ್ಲ.

ಮೊದಲು ನೋವಿನ ಹೆಸರನ್ನೇ ನೋಡಬಹುದು. ಕನ್ನಡದ ‘ಬೇನೆ’ಯು ಸಂಸ್ಕೃತದ ‘ವೇದನಾ’ ಶಬ್ದದ ತದ್ಭವ. ಧಾತುಪಾಠದ ಚುರಾದಿಗಣದಲ್ಲಿ ವಿದ ಧಾತುವಿಗೆ ಚೇತನ, ಆಖ್ಯಾನ, ನಿವಾಸ ಎಂಬ ಅರ್ಥಗಳನ್ನು ಹೇಳಿದೆ. ಅದು ಣ್ಯಂತವಾದುದರಿಂದ ಯುಚ್ ಪ್ರತ್ಯಯ ಸೇರಿ ‘ವೇದನಾ’ ಎಂದಾಗುವುದು. ಣ್ಯಂತವಲ್ಲದ ವಿದಿಯಿಂದಲೂ ವಾರ್ತಿಕದ ಬಲದಿಂದ ಅದೇ ರೂಪ ಸಿದ್ಧಿಸುವುದೆಂಬುದು ವೈಯಾಕರಣರಿಗೆ ವಿದಿತವೇ ಇದೆ. ಬೌದ್ಧರಲ್ಲಿ ವೇದನೆಯು ಸುಖರೂಪ, ದುಃಖರೂಪ, ಎರಡೂ ಅಲ್ಲದ್ದು ಎಂದು ಮೂರು ಬಗೆ. ಎಂದರೆ ಅಲ್ಲಿ ಅದು ಅನುಭವಮಾತ್ರ. ಲೋಕರೂಢಿಯಲ್ಲಿ ದುಃಖಾನುಭವಕ್ಕೆ ನಿಂತಿತು. ಒಂದೇ ಧಾತುವಿನಲ್ಲಿ ಅನುಭವಿಸುವುದೂ ತಿಳಿಸುವುದೂ ಅಡಗಿರುವುದು ಪ್ರಕೃತ ವಿಚಾರಕ್ಕೆ ಬಹಳ ಉಪಯುಕ್ತ. ‘ನಿವೇದನೆ’ಯೂ ಇದೇ ಧಾತುವಿನದು. ಬೇನೆಯೆಂಬುದು ಬೇನೆಪಡುವವಳಿಗೆ ಮಾತ್ರ ಗೋಚರ. ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ಬಂಜೆಗೆ ಹೆರಿಗೆಯ ನೋವು ತಿಳಿಯದೆಂಬ ದೃಷ್ಟಾಂತದಿಂದಲೇ ಮೊದಲಾಗುವುದು. ಬಂಜೆಗೇ ತಿಳಿಯದೆಂದಮೇಲೆ, ಅವಳ ಪರವಾಗಿ ರುಜು ಹಾಕಲು ಬರುವ ಗಂಡನಿಗೋ ಮಾವನಿಗೋ ಅದು ತಿಳಿಯುವ ಬಗೆಯೇನು?

ಪ್ರಾಚೀನ ಗ್ರಂಥಗಳಲ್ಲಿ ಈ ವಿಚಾರ ಇಲ್ಲವೆಂದು ಭಾವಿಸಲಾಗದು. ಆದರೆ ಇರುವ ಬಗೆಯನ್ನು ಉಳ್ಳಂತೆ ಹೇಳಬೇಕು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಪ್ರಸವದ ನೋವಿಗೆ ‘ಆವೀ’ ಎಂಬ ಪ್ರತ್ಯೇಕ ಹೆಸರಿದೆ. ಹಲವು ಬಾರಿ ಹೆತ್ತವರೂ ಸ್ನೇಹಪರರೂ ಆದ ಸ್ತ್ರೀಯರು ಸುತ್ತಲೂ ಇದ್ದು ಸಮಾಧಾನ ಹೇಳುತ್ತಿರಬೇಕೆಂದೂ, ಆವಿಯು ಬಾರದಿರುವಾಗ ಮುಕ್ಕಬಾರದೆಂದು ಅವಳಿಗೆ ತಿಳಿಸಬೇಕೆಂದೂ ಅಲ್ಲಿ ವಿಧಿಸಿದೆ. ಹೆರಿಗೆ ತಡವಾದವಳಿಂದ ಒನಕೆ ಹಿಡಿಸಿ ಧಾನ್ಯ ಕುಟ್ಟಿಸಬೇಕೆಂಬ ಕೆಲವರ ಮತವನ್ನು ಎತ್ತಿ, ಅದು ಕೂಡದೆಂದು ಆತ್ರೇಯನು ನಿರಾಕರಿಸಿರುವುದೂ ಅಲ್ಲಿಯೇ.

ಶಸ್ತ್ರಕರ್ಮದ ವಿಷಯದಲ್ಲಿ ಸುಶ್ರುತಸಂಹಿತೆಯು ಹೆಚ್ಚು ಸ್ಪಷ್ಟ. ಸೂತ್ರಸ್ಥಾನದಲ್ಲಿ, ನೋವು ತಾಳಲಾರದವನೂ ಮದ್ಯದ ಅಭ್ಯಾಸವುಳ್ಳವನೂ ಆದ ರೋಗಿಗೆ ಮೊದಲೇ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದಿದೆ. ಮತ್ತನಾದವನು ಶಸ್ತ್ರವನ್ನು ‘ಅರಿಯನು’ ಎಂಬುದು ಅಲ್ಲಿ ಕೊಟ್ಟ ಕಾರಣ. ‘ಅರಿವಳಿಕೆ’ ಎಂಬ ಈಗಿನ ಶಬ್ದದ ಭಾವವು ಅಲ್ಲಿಯೇ ಇದೆಯೆನ್ನಬಹುದು. ಇನ್ನು ಮೂಢಗರ್ಭಚಿಕಿತ್ಸೆಯನ್ನು, ಎಂದರೆ ಅಡ್ಡಬಿದ್ದು ಹೊರಬಾರದ ಶಿಶುವನ್ನು ತೆಗೆಯುವುದನ್ನು, ಅತ್ಯಂತ ಕಷ್ಟವಾದ ಕರ್ಮವೆಂದು ವರ್ಣಿಸಿ, ಅಧಿಪತಿಯನ್ನು ಕೇಳಿಕೊಂಡು ಪರಮಪ್ರಯತ್ನದಿಂದ ತೊಡಗಬೇಕೆಂದು ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ಅಶ್ಮರಿಯ ಪ್ರಕರಣದಲ್ಲಿಯೂ ಹಾಗೆಯೇ: ಶಸ್ತ್ರಕ್ರಿಯೆ ಮಾಡದಿದ್ದರೆ ಮರಣ ನಿಶ್ಚಯ, ಮಾಡಿದರೆ ಸಂಶಯ, ಆದುದರಿಂದ ಈಶ್ವರನನ್ನು ಎಂದರೆ ಒಡೆಯನನ್ನು ಕೇಳಿ ಮಾಡಬೇಕು. ಅಪಾಯವನ್ನು ಮುಂದಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ತತ್ತ್ವ ಇಲ್ಲಿ ನಿಸ್ಸಂದೇಹವಾಗಿದೆ. ಅಧಿಪತಿಯೆಂದರೆ ರಾಜನೋ ಗೃಹಪತಿಯೋ ಎಂಬಲ್ಲಿ ಅರ್ಥಭೇದಕ್ಕೆ ಅವಕಾಶವಿದ್ದರೂ, ಅವನು ಹೆರತಕ್ಕ ಸ್ತ್ರೀಯಲ್ಲವೆಂಬುದರಲ್ಲಿ ಭೇದಕ್ಕೆ ಅವಕಾಶವಿಲ್ಲ. ಆಧುನಿಕ ನಿಯಮವೆಲ್ಲವೂ ನಮ್ಮ ಪ್ರಾಚೀನರಲ್ಲಿ ಇದ್ದಿತೆಂದು ಸಾಧಿಸಹೊರಡುವವರು ಈ ಒಂದು ಪದವನ್ನು ದಾಟಿಹೋಗುವುದು ನ್ಯಾಯವಲ್ಲ.

ಪಾಶ್ಚಾತ್ಯರಲ್ಲಿಯೂ ಈ ವಿವಾದವು ಒಂದು ಶಬ್ದದ ಅರ್ಥವನ್ನು ಹಿಡಿದೇ ನಡೆಯಿತು. ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ನನು 1847ನೆಯ ಜನವರಿಯಲ್ಲಿ ಹೆರಿಗೆಗೆ ಈಥರನ್ನೂ ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರಮನ್ನೂ ಬಳಸಿದನು. ಸ್ತ್ರೀಯು ಕ್ಲೇಶದಿಂದ ಹೆರಬೇಕೆಂಬುದು ಬೈಬಲಿನ ಆದಿಕಾಂಡದ ಶಾಸನವೆಂದೂ ನೋವನ್ನು ನೀಗಿಸುವುದು ಅದಕ್ಕೆ ವಿರುದ್ಧವೆಂದೂ ಆಕ್ಷೇಪ ಹುಟ್ಟಿತು. ಸಿಂಪ್ಸನ್ನನು ಡಿಸೆಂಬರಿನಲ್ಲಿ ಪ್ರಕಟಿಸಿದ ಉತ್ತರದಲ್ಲಿ, ಆ ಹೀಬ್ರೂ ಶಬ್ದಕ್ಕೆ ದುಡಿಮೆ, ಆಯಾಸ ಎಂಬುದೇ ಅರ್ಥವೆಂದೂ ನೋವೆಂಬುದಲ್ಲವೆಂದೂ ವಾದಿಸಿದನು. ವೈದ್ಯನೊಬ್ಬನು ನಿಘಂಟುಗಳನ್ನು ಹರಡಿಕೊಂಡು ಕುಳಿತ ಈ ಪ್ರಸಂಗ ಭಾಷಾಧ್ಯಾಪಕರಿಗೆ ಸ್ವಾರಸ್ಯವಾಗಿ ತೋರದಿರದು. 1853ನೆಯ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯು ಜಾನ್ ಸ್ನೋ ಎಂಬ ವೈದ್ಯನಿಂದ ಕ್ಲೋರೋಫಾರಮ್ ಪಡೆದು ಲಿಯೋಪೋಲ್ಡನನ್ನು ಹೆತ್ತ ಮೇಲೆ ಆಕ್ಷೇಪದ ಬಲ ಕುಗ್ಗಿತು.

ಇದಕ್ಕಿಂತ ವಿಚಾರಾರ್ಹವಾದುದು ಜರ್ಮನಿಯ ಫ್ರೈಬುರ್ಗಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕ್ರೋಯ್ನಿಗ್ ಮತ್ತು ಗೌಸ್ ಎಂಬುವರು ನಡೆಸಿದ ‘ಮುಸ್ಸಂಜೆಯ ನಿದ್ರೆ’ ಎಂಬ ವಿಧಾನ. ಮಾರ್ಫೀನಿನೊಡನೆ ಸ್ಕೋಪೋಲಮೀನ್ ಎಂಬ ಔಷಧವನ್ನು ಕೊಡುತ್ತಿದ್ದರು. ಇದರಿಂದ ನೋವು ಪೂರ್ಣವಾಗಿ ಅಳಿಯುತ್ತಿರಲಿಲ್ಲ, ಅದರ ನೆನಪು ಅಳಿಯುತ್ತಿತ್ತು. ಹೆಂಗಸು ನರಳಿ ಕೂಗಿದರೂ ಎಚ್ಚತ್ತ ಮೇಲೆ ಏನನ್ನೂ ಅರಿಯಳು. 1914ರಲ್ಲಿ ಅಮೆರಿಕದ ಸ್ತ್ರೀಯರು ತಾವೇ ಸಂಘ ಕಟ್ಟಿಕೊಂಡು ಈ ವಿಧಾನ ಬೇಕೆಂದು ಒತ್ತಾಯಪಡಿಸಿದರು. ಕೇಳಿದವರು ಸ್ತ್ರೀಯರೇ ಹೌದು. ಆದರೆ ಅವರು ಕೇಳಿದ್ದು ನೋವಿಲ್ಲದ ಹೆರಿಗೆಯನ್ನು, ದೊರಕಿದ್ದು ನೆನಪಿಲ್ಲದ ಹೆರಿಗೆ. ಇಂಥಲ್ಲಿ ಸಮ್ಮತಿಯಿತ್ತೆನ್ನಬಹುದೆ?

ಈ ಪ್ರಶ್ನೆಗೆ ನಮ್ಮ ದೇಶದ ಕಾನೂನಿನಲ್ಲಿಯೇ ಉತ್ತರವುಂಟು. 1872ನೆಯ ಇಸವಿಯ ಕರಾರು ಕಾಯಿದೆಯ 13ನೆಯ ಕಲಮಿನಂತೆ ಇಬ್ಬರು ಒಂದೇ ವಸ್ತುವಿಗೆ ಒಂದೇ ಅರ್ಥದಲ್ಲಿ ಒಡಂಬಟ್ಟರೆ ಮಾತ್ರ ಅದು ಸಮ್ಮತಿ. ಭಯದಿಂದಲೋ ತಪ್ಪು ತಿಳಿವಿನಿಂದಲೋ ಕೊಟ್ಟ ಸಮ್ಮತಿಯು, ಆ ಭಯ ಅಥವಾ ತಪ್ಪು ತಿಳಿವು ಎದುರಾಳಿಗೆ ಗೊತ್ತಿದ್ದಲ್ಲಿ, ಸಮ್ಮತಿಯೇ ಅಲ್ಲವೆಂದು 1860ರ ದಂಡಸಂಹಿತೆಯ 90ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 28ನೆಯ ಕಲಮಿನಲ್ಲಿ ಅದೇ ವಿಧಿಯಿದೆ. ವೈದ್ಯವಿಷಯದಲ್ಲಿ ಪ್ರಮಾಣವಾದುದು ಸಮೀರಾ ಕೊಹ್ಲಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2008ನೆಯ ಜನವರಿ 16ರಂದು ಕೊಟ್ಟ ತೀರ್ಪು. ಇದನ್ನು ಬರೆದವರು ಹಿಂದೆ ಕರ್ಣಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಸ್ತ್ರೀಯ ಗರ್ಭಕೋಶವನ್ನು ಅವಳ ತಾಯಿಯ ಒಪ್ಪಿಗೆಯ ಮೇಲೆ ತೆಗೆದುಹಾಕಿದ್ದರು. ಪ್ರಾಣಾಪಾಯದ ತುರ್ತಿಲ್ಲದಿರುವಾಗ ಪ್ರೌಢೆಯಾದ ರೋಗಿಯ ಪರವಾಗಿ ತಾಯಿಯೂ ಒಪ್ಪಲಾರಳು, ಅವಳು ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿತ್ತು ಎಂದು ತೀರ್ಪಾಯಿತು. ಸುಶ್ರುತನ ‘ಅಧಿಪತಿ’ಯ ಸ್ಥಾನದಲ್ಲಿ ರೋಗಿಯೇ ಬಂದು ಕುಳಿತದ್ದು ಇಲ್ಲಿ. ಎಷ್ಟು ತಿಳಿಸಬೇಕೆಂಬುದನ್ನು ಮಾತ್ರ ಈ ತೀರ್ಪು ಬಹುಮಟ್ಟಿಗೆ ವೈದ್ಯಸಮುದಾಯದ ರೂಢಿಗೆ ಬಿಟ್ಟಿತು. 2015ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಮಾಂಟ್‌ಗೊಮರಿಯವರ ಮೊಕದ್ದಮೆಯಲ್ಲಿ ಮುಂದುವರಿದು, ಆ ರೋಗಿಯ ದೃಷ್ಟಿಗೆ ಮುಖ್ಯವೆನಿಸುವ ಅಪಾಯಗಳನ್ನೆಲ್ಲ ತಿಳಿಸತಕ್ಕದ್ದೆಂದಿತು. ಅದೂ ಹೆರಿಗೆಯ ಮೊಕದ್ದಮೆಯೇ. ತಿಳಿಸಿದರೆ ಆಕೆ ಶಸ್ತ್ರಚಿಕಿತ್ಸೆಯನ್ನೇ ಬಯಸಿಯಾಳೆಂದು ವೈದ್ಯೆಯು ಅಪಾಯವನ್ನು ಹೇಳದೆ ಬಿಟ್ಟಿದ್ದಳು.

ಇನ್ನು ‘ಅರಿವಳಿಕೆ’ಯ ವಿಚಾರ. ಅರಿವು ಅಳಿಯುವುದು ಅರಿವಳಿಕೆ, ಸಮಾಸವೇನೋ ಸೊಗಸಾಗಿದೆ. ಆದರೆ ಇದು ಯಾವ ಗ್ರೀಕ್ ಮೂಲದ ಶಬ್ದಕ್ಕೆ ಪ್ರತಿಯಾಗಿ ಬಂದಿತೋ ಅಲ್ಲಿ ಅಳಿಯುವುದು ಇಂದ್ರಿಯಸಂವೇದನೆ. ಕನ್ನಡದ ‘ಅರಿವು’ ಬುದ್ಧಿ, ಎಚ್ಚರ, ಜ್ಞಾನ ಎಲ್ಲವನ್ನೂ ಒಳಕೊಂಡದ್ದು. ಈಗ ಹೆರಿಗೆಯ ನೋವಿಗೆ ಹೆಚ್ಚು ಫಲಕಾರಿಯೆಂದು ಗಣಿತವಾದ ಎಪಿಡ್ಯೂರಲ್ ವಿಧಾನದಲ್ಲಿ ಎಚ್ಚರವು ಸ್ವಲ್ಪವೂ ಅಳಿಯುವುದಿಲ್ಲ. ಸೊಂಟದ ಎರಡು ಎಲುಬುಮಣಿಗಳ ನಡುವೆ ಸೂಜಿಯನ್ನು ತೂರಿಸಿ, ಬೆನ್ನುಹುರಿಯನ್ನು ಮುಚ್ಚಿದ ಗಟ್ಟಿ ಪೊರೆಯ ಹೊರಗಿನ ಎಡೆಯಲ್ಲಿ ಸಣ್ಣ ನಳಿಕೆಯೊಂದನ್ನಿರಿಸಿ ಸೂಜಿಯನ್ನು ತೆಗೆಯುವರು. ನಳಿಕೆಯ ಮೂಲಕ ಬ್ಯುಪಿವಕೇಯ್ನಿನಂಥ ಔಷಧವನ್ನು ಅಲ್ಪಪ್ರಮಾಣದಲ್ಲಿ, ಬಹುವಾಗಿ ಫೆಂಟನಿಲ್ ಬೆರಸಿ, ಬಿಡುವರು. ಅಣಿಮಾಡುವುದಕ್ಕೆ ಸುಮಾರು 20 ನಿಮಿಷ, ಹಿಡಿಯುವುದಕ್ಕೆ ಮತ್ತೆ ಅಷ್ಟೇ ಕಾಲ ಬೇಕು. ಹೆಂಗಸು ಎದ್ದಿರುವಳು, ಮಾತನಾಡುವಳು, ಶಿಶುವಿನ ಅಳುವನ್ನು ಕೇಳುವಳು. ‘ಅರಿವಳಿಕೆ ಕೊಡುತ್ತೇವೆ’ ಎಂದಾಗ ಎಚ್ಚರ ತಪ್ಪುವುದೆಂದು ಹೆದರಿ ಬೇಡವೆಂದವಳೂ, ಏನೂ ತಿಳಿಯದೆಂದು ನಂಬಿ ಬೇಕೆಂದವಳೂ ಇಬ್ಬರೂ ಒಂದೇ ಶಬ್ದದಿಂದ ವಂಚಿತರಾದವರು. ಪರಿಭಾಷೆಯನ್ನು ಕಟ್ಟಿಕೊಟ್ಟ ಪಂಡಿತರಿಗೂ ಇದರಲ್ಲಿ ಪಾಲುಂಟು. ‘ಎಚ್ಚರ ಹೋಗದು, ನೋವು ಇಳಿಯುವುದು’ ಎಂಬ ನಾಲ್ಕು ಸಾಮಾನ್ಯ ಮಾತುಗಳು ಈ ಪಾರಿಭಾಷಿಕಕ್ಕಿಂತ ಹೆಚ್ಚಿನ ಕೆಲಸ ಮಾಡುವುವು.

ತಿಳಿಸಬೇಕಾದ ದೋಷಗಳೂ ಉಂಟು. ರಕ್ತದೊತ್ತಡ ಇಳಿಯಬಹುದು; ತುರಿಕೆ, ಜ್ವರ, ಮೂತ್ರಬಂಧ ತೋರಬಹುದು; ಹೆರಿಗೆಯ ಎರಡನೆಯ ಘಟ್ಟ ನೀಳವಾಗಬಹುದು. ಬ್ರಿಟನ್ನಿನ ಪ್ರಸೂತಿ ಅರಿವಳಿಕೆತಜ್ಞರ ಸಂಘದ ಮಾಹಿತಿಪತ್ರದಂತೆ 8ರಲ್ಲಿ ಒಬ್ಬಳಿಗೆ ನೋವು ಸಾಕಷ್ಟು ಇಳಿಯದು, 100ರಲ್ಲಿ ಒಬ್ಬಳಿಗೆ ತೀವ್ರವಾದ ತಲೆನೋವು ಬರುವುದು. ಇದರಿಂದ ಹೊಟ್ಟೆ ಕೊಯ್ಯಬೇಕಾದ ಸಂಭವ ಹೆಚ್ಚುವುದೆಂಬುದೂ ಬೆನ್ನುನೋವು ಬಹುಕಾಲ ಉಳಿಯುವುದೆಂಬುದೂ ಜನಜನಿತವಾದರೂ 2018ರ ಕಾಕ್ರೇನ್ ಪರಾಮರ್ಶೆಯಲ್ಲಿ ಎರಡಕ್ಕೂ ಆಧಾರ ಕಂಡುಬಂದಿಲ್ಲ. ಪೆಥಿಡೀನ್ ಸೂಜಿಮದ್ದಿನಲ್ಲಾದರೆ ತಾಯಿಗೆ ಮಂಪರು, ವಾಕರಿಕೆ; ಶಿಶುವಿನ ಉಸಿರಾಟಕ್ಕೂ ತೊಡಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ, ನೋವಿಳಿಸಬೇಕೆಂದು ಕೇಳುವ ಆರೋಗ್ಯವತಿಯರಾದ ಗರ್ಭಿಣಿಯರಿಗೆ ಅವರವರ ಇಷ್ಟದಂತೆ ಎಪಿಡ್ಯೂರಲನ್ನಾಗಲಿ ಪೆಥಿಡೀನಿನಂಥ ಮದ್ದನ್ನಾಗಲಿ ಕೊಡಬಹುದೆಂದೂ, ಉಸಿರಾಟದ ಅಭ್ಯಾಸ, ಅಂಗಮರ್ದನಗಳೂ ಆಗಬಹುದೆಂದೂ ಸೂಚಿಸಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಬೇನೆಯ ನಡುವೆ ಇರುವವಳಿಗೆ ವಿವೇಚನೆಯೆಲ್ಲಿಯದು, ಆ ಹೊತ್ತಿನ ಒಪ್ಪಿಗೆಗೆ ಬೆಲೆಯೇನು? ಇದಕ್ಕೆ ಸಮಾಧಾನವಿಷ್ಟು. ನೋವಿದ್ದ ಮಾತ್ರಕ್ಕೆ ನಿರ್ಣಯಶಕ್ತಿ ಹೋಯಿತೆಂದು ಹೇಳಲಾಗದು. ಹಾಗೆ ಹೇಳಿದರೆ ಅವಳು ಬೇಡವೆಂದರೂ ಬೇಕೆಂದರೂ ಕೇಳುವವರಿಲ್ಲದೆ, ಅಧಿಪತಿಯು ಹಿಂಬಾಗಿಲಿನಿಂದ ಮರಳಿ ಬರುವನು. ಆದರೆ ಎರಡು ನೋವುಗಳ ನಡುವಣ ಬಿಡುವಿನಲ್ಲಿ ಹೊಸ ವಿಷಯವನ್ನು ಕಲಿಸುವುದು ಕಷ್ಟವೆಂಬಷ್ಟು ಮಾತು ನಿಜ. ಆದುದರಿಂದ ತಿಳಿಸುವ ಕಾಲ ಬೇರೆ, ಒಪ್ಪುವ ಕಾಲ ಬೇರೆ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ತಪಾಸಣೆಗೆಂದು ಮೀಸಲಾಗಿದೆ. ತಾಯಿ ಕಾರ್ಡನ್ನು ಹಿಡಿದು ಬಂದು ಸರದಿಗೆ ಕಾಯುವ ಆ ಹೊತ್ತಿನಲ್ಲಿ, ಆಯಾ ನುಡಿಯನ್ನು ಬಲ್ಲ ಆಶಾ ಕಾರ್ಯಕರ್ತೆಯ ಬಾಯಿಂದ ಇದನ್ನು ತಿಳಿಸಬಹುದು. ಅರಿವಳಿಕೆತಜ್ಞರಿಲ್ಲದ ಆಸ್ಪತ್ರೆಯಲ್ಲಿ ಈ ಸೌಕರ್ಯವಿಲ್ಲವೆಂಬುದನ್ನೂ ಆಗಲೇ ಹೇಳತಕ್ಕದ್ದು. ‘ಹೆತ್ತವರೆಲ್ಲ ಸಹಿಸಿದ್ದಾರೆ’ ಎಂಬುದು ಆ ಮಾತಿಗೆ ಬದಲಾಗಲಾರದು.

ಕಡೆಯದಾಗಿ ‘ಒಪ್ಪಿಗೆ’. ‘ಅನುಮತಿ’ಯಲ್ಲಿ ಒಬ್ಬರ ಮತಿಯನ್ನು ಇನ್ನೊಬ್ಬರ ಮತಿ ಅನುಸರಿಸುವುದು, ‘ಸಮ್ಮತಿ’ಯಲ್ಲಿ ಎರಡು ಮತಿಗಳು ಕೂಡುವುವು, ಕರಾರು ಕಾಯಿದೆಯ ಲಕ್ಷಣಕ್ಕೆ ಹತ್ತಿರವಾದುದು ಎರಡನೆಯದು. ‘ಒಪ್ಪು’ ಅಚ್ಚಗನ್ನಡ, ಸೊಗಸಾಗು, ತಕ್ಕುದಾಗು, ಸಮ್ಮತಿಸು ಎಂಬ ಮೂರೂ ಅದರಲ್ಲಿವೆ. ಅದರಿಂದಲೇ ಬಂದ ‘ಒಪ್ಪ’ವು ಶಾಸನಗಳ ಕೊನೆಯಲ್ಲಿ ರುಜುವೆಂಬ ಅರ್ಥದಲ್ಲಿ ಕಾಣಬರುತ್ತದೆ. ಒಪ್ಪವೂ ಒಪ್ಪಿಗೆಯೂ ಒಂದೇ ಮೂಲದವಾದರೂ ಒಂದೇ ವಸ್ತುವಲ್ಲ; ಆಸ್ಪತ್ರೆಯ ಕಡತದಲ್ಲಿ ಉಳಿಯುವುದು ಒಪ್ಪ ಮಾತ್ರ. ಚೆಟ್ಟಳ್ಳಿಯ ತೋಟದಿಂದ ಬಂದವಳಿಗೆ ಮದ್ದಿನ ವಿಚಾರವನ್ನು ಹೇಳಿದ ಮೇಲೆ, ‘ತಿಳಿಯಿತೆ’ ಎಂದು ಕೇಳಿದರೆ ‘ತಿಳಿಯಿತು’ ಎಂದೇ ಅನ್ನುವಳು. ಅದನ್ನೇ ಅವಳ ನುಡಿಯಲ್ಲಿ ಅವಳಿಂದ ಮರಳಿ ಹೇಳಿಸಿದರೆ ತಿಳಿದದ್ದೆಷ್ಟೆಂಬುದು ಗೊತ್ತಾಗುವುದು; ವಿದ ಧಾತುವಿನ ಆಖ್ಯಾನಾರ್ಥವು ಅಲ್ಲಿ ಹೆರುವವಳ ಪಾಲಿಗೆ ಬರುವುದು. ಅನಂತರ ಕಾಗದವನ್ನು ಮುಂದಿಡಬಹುದು. ಆಗ ಬೇಡವೆಂದವಳು ಬೇನೆಯ ಹೊತ್ತಿಗೆ ಬೇಕೆಂದರೆ, ಬೇಕೆಂದವಳು ಬೇಡವೆಂದರೆ, ಈಚೆಯ ಮಾತೇ ಪ್ರಮಾಣ.