ಹಡಗಲಿ–ಹರಪನಹಳ್ಳಿ ಸೀಮೆಯ ಮೂರು ಶಾಸನಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯ ಚರಿತ್ರೆಯನ್ನು ಪಾಳೆಯಗಾರರಿಂದ ತೊಡಗುವುದು ವಾಡಿಕೆ. ಅದು ತೀರ ಈಚಿನ ಮಾತು.

ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಸುಮಾರು ಕ್ರಿ.ಶ. ನಾಲ್ಕನೆಯ ಶತಮಾನದವು. ಕಾಂಚೀಪುರದಿಂದ ಹೊರಟ ಆ ರಾಜಾಜ್ಞೆಯ ಭಾಷೆ ಪ್ರಾಕೃತ. ಕೊನೆಯ ಮಂಗಳವಾಕ್ಯ ಮಾತ್ರ ಸಂಸ್ಕೃತ. ಅದರಲ್ಲಿ ಈ ಪ್ರಾಂತಕ್ಕೆ ‘ಸಾತಾಹನಿರಟ್ಠ’ವೆಂದು ಹೆಸರು. ಶಾತವಾಹನರು ಅಳಿದ ಮೇಲೂ ಅವರ ಹೆಸರು ನೆಲದಲ್ಲಿ ಉಳಿದಿದ್ದಿತೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಆದರೆ ಅಲ್ಲಿ ದಾನವಿತ್ತವನು ದೂರದ ಅರಸು.

ಅರಸನಲ್ಲದ ದಾನಿಯು ಕನ್ನಡದ ಶಿಲಾಲೇಖಗಳಲ್ಲಿ ಕಾಣಿಸಿಕೊಳ್ಳುವನು. ಹರಪನಹಳ್ಳಿಗೆ ಸೇರಿದ ಬಾಗಳಿಯಲ್ಲಿ, ಚಾಲುಕ್ಯ ಆಹವಮಲ್ಲ ತೈಲಪನ ಕಾಲದ 987ರ ಶಾಸನವು ಕಲಿದೇವರ ಗುಡಿಯನ್ನು ಮಾಡಿಸಿದವನು ದುಗ್ಗಿಮಯ್ಯನೆಂದು ಹೇಳುತ್ತದೆ. ಇಂದಿನ ಕಲ್ಲೇಶ್ವರ ದೇವಾಲಯವೇ ಅದು. ರಾಷ್ಟ್ರಕೂಟರ ಕಾಲದಲ್ಲಿ ಮೊದಲಾದ ಕಟ್ಟಡವು ಚಾಲುಕ್ಯರ ಕಾಲದಲ್ಲಿ ಮುಗಿದುದರಿಂದ ಎರಡು ರಾಜವಂಶಗಳ ಕೈಗೆಲಸವು ಅಲ್ಲಿ ಕೂಡಿದೆ.

ಹೂವಿನಹಡಗಲಿಯ ಕೇಶವದೇವಾಲಯವನ್ನು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ. ಆರನೆಯ ವಿಕ್ರಮಾದಿತ್ಯನ ಅಧಿಕಾರಿಯಾದ ರವಿದೇವನು ಆಕೆಯ ಪತಿ. ಪತಿಯ ಪದವಿಯನ್ನು ಮುಂದಿಟ್ಟು ದೇವಾಲಯವನ್ನು ಅವನದೆನ್ನುವುದು ಸಲ್ಲದು, ಧರ್ಮಕಾರ್ಯವು ರೆಬ್ಬಲದೇವಿಯದು.