ಮಳೆ ಲೆಕ್ಕ, ತೋಟದ ಡೈರಿ ಕಂಪ್ಯೂಟರಿನಲ್ಲಿದೆಯಾ? ಸಿಡಿಲಿನ ತಿಂಗಳಿಗೆ ಮೊದಲು ನಕಲು ಮಾಡಿಡಿ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಮಳೆ ಬರೆದಿಡುವುದು ಹಳೇ ರೂಢಿ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಂಚು-ಸೆಂಟ್ಸ್ ಲೆಕ್ಕದಲ್ಲಿ ಪುಸ್ತಕಕ್ಕೆ ಇಳಿಸಿದ ಮೇಲೇ ಹಳಬರಿಗೆ ಮುಂದಿನ ಕೆಲಸ. ಈಗ ಬಹಳ ಮನೆಗಳಲ್ಲಿ ಆ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಮಳೆ ಮಾತ್ರ ಅಲ್ಲ, ಆಳಿನ ಲೆಕ್ಕ, ಗೊಬ್ಬರದ ಬಿಲ್ಲು, ಸಾವಯವ ಪ್ರಮಾಣಪತ್ರದ ಕಾಗದ, ಬ್ಲಾಕುವಾರು ಫಸಲು, ಆನೆ ನುಗ್ಗಿದ ಫೋಟೋ ಎಲ್ಲವೂ ಅದರೊಳಗೇ ಇದೆ.

ಪುಸ್ತಕಕ್ಕೆ ಗೆದ್ದಲಿನ ಭಯ ಇತ್ತು. ಕಂಪ್ಯೂಟರಿಗೆ ನಮ್ಮ ಕಡೆ ಎರಡು ಕಾಲ ಕಷ್ಟ. ಏಪ್ರಿಲ್-ಮೇನಲ್ಲಿ ಗುಡುಗು ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುವ ಶೀತ. ಹಾರ್ಡ್ ಡಿಸ್ಕ್ ಹೋದ ಮೇಲೆ ಹಾಸನಕ್ಕೋ ಬೆಂಗಳೂರಿಗೋ ಒಯ್ದು ಡೇಟಾ ತೆಗೆಸಲು ಖರ್ಚು ಮಾಡುವುದಕ್ಕಿಂತ, ಕೊಯ್ಲು ಮುಗಿದ ಬಿಡುವಿನಲ್ಲಿ ಎರಡು ದಿನ ಕೂತು ಜೋಡಿಸಿಡುವುದು ಸಲೀಸು.

ಮತ್ತೆ ಸಿಗುವುದು ಯಾವುದು, ಸಿಗದೇ ಇರುವುದು ಯಾವುದು?

ಕೆಲಸ ಶುರು ಮಾಡುವ ಮೊದಲು ಇದೊಂದು ಪ್ರಶ್ನೆ ಕೇಳಿಕೊಳ್ಳಿ. ಪಹಣಿ ಕಳೆದರೆ ಭೂಮಿ ವ್ಯವಸ್ಥೆಯಿಂದ ಮತ್ತೆ ತೆಗೆಯಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನವರೇ ಕೊಡುತ್ತಾರೆ. ಇಳಿಸಿಕೊಂಡ ಸಿನಿಮಾ, ಮದುವೆ ಆಮಂತ್ರಣ, ಗುಡ್ ಮಾರ್ನಿಂಗ್ ಫೋಟೋ ಹೋದರೆ ಪಾಪ ಪರವಾಗಿಲ್ಲ. ಆದರೆ ನಿಮ್ಮ ತೋಟದಲ್ಲಿ ಯಾವ ಮಾರ್ಚ್‌ನಲ್ಲಿ ಹೂ ಮಳೆ ಎಷ್ಟು ಬಂತು, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಯಾವ ಬ್ಲಾಕಿನಲ್ಲಿ ಬಿಳಿ ಕಾಂಡಕೊರಕಕ್ಕೆ ಎಷ್ಟು ಅರೇಬಿಕಾ ಗಿಡ ಕಿತ್ತಿರಿ ಎಂಬುದು ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಹೋಬಳಿಯ ಮಳೆ ಅಂಕಿ ಸರ್ಕಾರದ ಹತ್ತಿರ ಸಿಗಬಹುದು. ಒಂದು ಗುಡ್ಡದ ಆಚೆ ಒಂದು ಇಂಚು ಬಿದ್ದು ಈಚೆ ಹನಿಯೂ ಬೀಳದ ಊರು ನಮ್ಮದು, ಆ ಅಂಕಿ ನಿಮ್ಮ ತೋಟದ್ದಲ್ಲ.

ಸಾವಯವ ಮಾಡುವವರಿಗೆ ಇದು ಇನ್ನೂ ಮುಖ್ಯ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ 36 ತಿಂಗಳು. ತಪಾಸಣೆಗೆ ಬಂದವರು ಗಿಡ ನೋಡುವುದರ ಜೊತೆಗೆ ಕಾಗದವನ್ನೂ ಕೇಳುತ್ತಾರೆ. ಏನು ಹಾಕಿದಿರಿ, ಎಲ್ಲಿಂದ ತಂದಿರಿ, ಎಷ್ಟು ಬೆಳೆದಿರಿ, ಎಷ್ಟು ಮಾರಿದಿರಿ? ಮೂರು ವರ್ಷ ರಾಸಾಯನಿಕ ಮುಟ್ಟದೆ ಬೆವರು ಸುರಿಸಿದ್ದಕ್ಕೆ ಸಾಕ್ಷಿ ಎಂದರೆ ಆ ಡೈರಿ ಮತ್ತು ಬಿಲ್ಲುಗಳೇ. ಹೀಗೆ ಮತ್ತೆ ಸಿಗದ ಫೈಲುಗಳನ್ನು ಬೇರೆ ಮಾಡಿದರೆ ಅದು ನಿಮ್ಮ ಕಂಪ್ಯೂಟರಿನ ಸಣ್ಣ ಪಾಲು ಮಾತ್ರ ಎಂದು ಗೊತ್ತಾಗುತ್ತದೆ. 30 ವರ್ಷದ ದಿನವಹಿ ಮಳೆ ಅಂದರೆ ಹೆಚ್ಚುಕಮ್ಮಿ 11,000 ಸಾಲು. ಒಂದು ಮೊಬೈಲ್ ಫೋಟೋದಷ್ಟು ಜಾಗವೂ ಬೇಡ.

ಫೋಲ್ಡರ್ ಹೇಗಿರಬೇಕು?

ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ‘ತೋಟ’ ಅಂತ ಒಂದೇ ದೊಡ್ಡ ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. ಕಾಫಿಯ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್, ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಎರಡನ್ನೂ ಕಲಸಬೇಡಿ. ಫಸಲು, ಡೈರಿ ಕಾಫಿ ವರ್ಷಕ್ಕೆ, ಹಣದ ಲೆಕ್ಕ ತೆರಿಗೆ ವರ್ಷಕ್ಕೆ. ಭೂಮಿಯ ಕಾಗದ ಮತ್ತು ನಕ್ಷೆ ಯಾವ ವರ್ಷಕ್ಕೂ ಸೇರದ್ದು, ಅವು ಬೇರೆ ಇರಲಿ.

ಫೈಲಿನ ಹೆಸರಿನಲ್ಲಿ ದಿನಾಂಕ ಮೊದಲು ಬರಲಿ, ಅದೂ ವರ್ಷ-ತಿಂಗಳು-ದಿನ ಕ್ರಮದಲ್ಲಿ. ‘2024-03-18 ಸುಣ್ಣದ ಬಿಲ್’ ಅಂತ ಬರೆದರೆ ಕಂಪ್ಯೂಟರೇ ಸಾಲಾಗಿ ಜೋಡಿಸುತ್ತದೆ. ದಿನ ಮೊದಲು ಬರೆದರೆ ಎಲ್ಲಾ ತಿಂಗಳ 18ನೇ ತಾರೀಕು ಒಂದೇ ಕಡೆ ಗುಂಪಾಗುತ್ತದೆ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಹೆಸರುಗಳನ್ನು ನಾನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ!

ಮಳೆಯ ಹಾಳೆಯಲ್ಲಿ ಒಂದು ಎಚ್ಚರ ಬೇಕು. ಹಳೆ ಪುಸ್ತಕ ಸೆಂಟ್ಸ್‌ನಲ್ಲಿ ಇರುತ್ತದೆ, ಹೊಸ ಮಾಪಕ ಮಿಲಿಮೀಟರ್‌ನಲ್ಲಿ. 100 ಸೆಂಟ್ಸ್ ಒಂದು ಇಂಚು, ಒಂದು ಇಂಚು 25.4 ಮಿ.ಮೀ. ಒಂದು ಇಂಚು ಇಪ್ಪತ್ತು ಸೆಂಟ್ಸ್ ಅಂದರೆ ಸುಮಾರು 30 ಮಿ.ಮೀ. ಇದನ್ನು 120 ಅಂತ ಮಿಲಿಮೀಟರ್ ಕಾಲಂಗೆ ಹಾಕಿದರೆ ಹೂ ಮಳೆ ಜಡಿಮಳೆ ಆಗಿಹೋಗುತ್ತದೆ. ಹಳೆಯ ಅಂಕಿಯನ್ನು ಇದ್ದ ಹಾಗೇ ಒಂದು ಕಾಲಂನಲ್ಲಿ ಬಿಟ್ಟು, ಪಕ್ಕದ ಕಾಲಂನಲ್ಲಿ ಮಿಲಿಮೀಟರ್‌ಗೆ ಬದಲಿಸಿ. ಕಾಲಂ ತಲೆಯಲ್ಲಿ ಯಾವ ಅಳತೆ ಎಂದು ಬರೆಯಲೇಬೇಕು. ಬೆಳಿಗ್ಗೆ ಎಂಟೂವರೆಗೆ ಅಳೆದದ್ದನ್ನು ಯಾವ ತಾರೀಕಿಗೆ ಬರೆಯುತ್ತೀರಿ ಎಂಬುದನ್ನೂ ಒಂದು ಸಾಲು ಬರೆದಿಡಿ, ಮುಂದೆ ನೋಡುವ ಮಕ್ಕಳಿಗೆ ಗೊಂದಲ ಇರುವುದಿಲ್ಲ.

ಹಳೇ ನುಡಿ ಫೈಲುಗಳು

ಇದು ನಮ್ಮ ಕನ್ನಡದವರದ್ದೇ ಸಮಸ್ಯೆ. ಇಪ್ಪತ್ತು ವರ್ಷದ ಹಿಂದೆ ಆಸೆಪಟ್ಟು ಕನ್ನಡದಲ್ಲೇ ಟೈಪ್ ಮಾಡಿಟ್ಟವರು ಹೆಚ್ಚಾಗಿ ನುಡಿ ಅಥವಾ ಬರಹ ಬಳಸಿದ್ದಾರೆ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಅವರ ಮಳೆ ಫೈಲ್ ತೋರಿಸಿ, ‘ನೋಡಪ್ಪ, ವೈರಸ್ ತಿಂದುಬಿಟ್ಟಿದೆ, ಅಳಿಸಿಬಿಡ್ಲಾ?’ ಅಂದರು. ‘ಅಯ್ಯೋ ಬೇಡಿ ಗೌಡ್ರೇ, ಫೈಲ್ ಸರಿಯಾಗೇ ಇದೆ’ ಅಂತ ತಡೆದೆ. ಹಳೆಯ ಫಾಂಟ್ ಹಾಕಿದ ಕೂಡಲೇ ಅವರ ಇಡೀ ಬರವಣಿಗೆ ಕಾಣಿಸಿತು.

ಹಾಗಾಗಿ ಓದಲಾಗದ ಫೈಲನ್ನು ಅಳಿಸಬೇಡಿ. ನುಡಿ ತಂತ್ರಾಂಶದಲ್ಲೇ ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ, ಬರಹದಲ್ಲೂ ಇದೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ತಪ್ಪಬಹುದು. ಅಂಕಿಗಳು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಮೂಲ ಫೈಲನ್ನೂ ಇಟ್ಟುಕೊಳ್ಳಿ.

ಫೋಟೋ, ನಕ್ಷೆ

ಆನೆ ತುಳಿದ ಗಿಡದ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಕಳಿಸಿ, ಮೊಬೈಲ್‌ನಿಂದ ಅಳಿಸಿಬಿಡುವವರು ಇದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗೆ ದಾಖಲಾಗಿದ್ದ ದಿನಾಂಕ, ಜಾಗದ ವಿವರ ಹೋಗುತ್ತದೆ. ಪರಿಹಾರದ ಅರ್ಜಿಗೋ ವಿಮೆಗೋ ಬೇಕಾಗುವ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಕೇಬಲ್ ಹಾಕಿ ನೇರ ಕಂಪ್ಯೂಟರಿಗೆ ಇಳಿಸಿ.

ತೋಟದ ಗಡಿ ಅಳೆಸಿದ ನಕ್ಷೆಯ ಫೈಲ್ ಇದ್ದರೆ ಅದನ್ನೂ ಮತ್ತೆ ಸಿಗದ ಗುಂಪಿಗೇ ಸೇರಿಸಿ. ಯುರೋಪಿನ ಅರಣ್ಯನಾಶ ತಡೆ ನಿಯಮ ಕಾಫಿಗೂ ಅನ್ವಯ, ಜಾರಿಯ ದಿನ ಮುಂದೆ ಹೋಗುತ್ತಾ ಇದ್ದರೂ ಕೈಬಿಟ್ಟಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 4 ಹೆಕ್ಟೇರ್‌ಗಿಂತ ದೊಡ್ಡ ತುಂಡಿಗೆ ಗಡಿಯ ಸುತ್ತಳತೆಯನ್ನೇ ಕೊಡಬೇಕು. ಗುಡ್ಡ ಹತ್ತಿಳಿದು ಅಳೆದದ್ದನ್ನು ಇನ್ನೊಮ್ಮೆ ಅಳೆಯುವುದು ಯಾರಿಗೆ ಬೇಕು?

ನಕಲು ಎಲ್ಲಿ ಇಡಬೇಕು?

ಮೂರು ಕಡೆ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಮನೆಯಿಂದ ಆಚೆ. ಹೊರಗಿನ ಡಿಸ್ಕನ್ನು ಸದಾ ಸಿಕ್ಕಿಸಿಯೇ ಬಿಡುವುದು ದೊಡ್ಡ ತಪ್ಪು. ಸಿಡಿಲಿನ ವಿದ್ಯುತ್ ಲೈನಿನಲ್ಲಿ ಬಂದರೆ ಕಂಪ್ಯೂಟರ್ ಜೊತೆ ಅದೂ ಹೋಗುತ್ತದೆ, ಫೈಲ್ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೂ ಅಷ್ಟೇ. ಯುಪಿಎಸ್, ಸ್ಟೆಬಿಲೈಸರ್ ಇದೆ ಎಂದು ಧೈರ್ಯ ಬೇಡ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಮೋಡೆಮ್ಮಿನದ್ದೂ ಕೀಳಿ. ಸಿಡಿಲು ಹೊಡೆಯುತ್ತಿರುವಾಗ ಮಾತ್ರ ಪ್ಲಗ್, ವೈರ್ ಮುಟ್ಟಲು ಹೋಗಬೇಡಿ.

ಮಳೆಗಾಲದಲ್ಲಿ ಡಿಸ್ಕ್ ಬೀರುವಿನಲ್ಲಿ ಬಟ್ಟೆ ಮಧ್ಯೆ ಇಟ್ಟರೆ ಶೀತ ಹಿಡಿಯುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10ರ ತೇವಕ್ಕೆ ಒಣಗಿಸಿ ಜೋಪಾನ ಮಾಡುವ ನಮಗೆ ಇದು ಹೊಸದಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದಿದೆ ಎಂದರ್ಥ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಮಕ್ಕಳ ಕೈಗೆ ಸಿಗದಿರಲಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ನಂಬಬೇಡಿ.

ಮನೆಯಿಂದ ಆಚೆಯ ನಕಲಿಗೆ ಹಾಸನದ ಅಕ್ಕನ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಟ್ಟರೂ ಆಯ್ತು. ಹಬ್ಬಕ್ಕೆ ಹೋದಾಗ ಹೊಸದು ಕೊಟ್ಟು ಹಳೆಯದು ತನ್ನಿ. ಇಂಟರ್ನೆಟ್ ಇದ್ದವರಿಗೆ ಗೂಗಲ್ ಖಾತೆಯಲ್ಲಿ 15 ಜಿಬಿ ಪುಕ್ಕಟೆ ಜಾಗ ಇದೆ. ನಮ್ಮ ನೆಟ್‌ವರ್ಕ್‌ನಲ್ಲಿ ಎಲ್ಲಾ ಫೋಟೋ ಏರಿಸಲು ಹೋದರೆ ಸಂಕ್ರಾಂತಿಯಿಂದ ಯುಗಾದಿ ಆದೀತು. ಮತ್ತೆ ಸಿಗದ ಫೈಲುಗಳನ್ನು ಮಾತ್ರ ಏರಿಸಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಆಗಾಗ ತೆರೆಯುತ್ತಿರಿ. ಪಾಸ್‌ವರ್ಡ್ ನಿಮಗೊಬ್ಬರಿಗೇ ಗೊತ್ತಿದ್ದರೆ ಸಾಲದು, ಒಂದು ಚೀಟಿಯಲ್ಲಿ ಬರೆದು ಪಹಣಿ, ಕ್ರಯಪತ್ರ ಇಡುವ ಟ್ರಂಕಿನಲ್ಲೇ ಇಡಿ. ಮನೆಯವರಿಗೂ ಹೇಳಿರಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಈಗ ಬಹಳ ಜನ ಕಂಪ್ಯೂಟರ್ ಬದಲಿಸುತ್ತಿದ್ದಾರೆ. ಹಳೆಯದನ್ನು ಅಂಗಡಿಗೆ ಕೊಡುವ ಮೊದಲು ಹೊಸದರಲ್ಲಿ ಹತ್ತು ಫೈಲ್ ತೆರೆದು ನೋಡಿ. ನಕಲಾಗಿದೆ ಎಂದು ಪರದೆ ಹೇಳಿದರೂ ತೆರೆದು ನೋಡದೆ ನಂಬಬಾರದು. ಬ್ಯಾಕಪ್ ಡಿಸ್ಕಿಗೂ ಇದೇ ಪರೀಕ್ಷೆ.

ವರ್ಷಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ. ಕೊಯ್ಲು ಮುಗಿದು ಹೂ ಮಳೆಗೆ ಕಾಯುವ ಫೆಬ್ರವರಿ-ಮಾರ್ಚ್‌ನಲ್ಲಿ ಒಂದು, ಮಳೆಗಾಲ ಕಳೆದು ಕಾಫಿ ವರ್ಷ ಬದಲಾಗುವ ಅಕ್ಟೋಬರ್‌ನಲ್ಲಿ ಇನ್ನೊಂದು. ಅಕ್ಟೋಬರ್‌ನಲ್ಲಿ ಆ ವರ್ಷದ ಮಳೆ ಹಾಳೆಯನ್ನು ಒಂದು ಪ್ರಿಂಟ್ ತೆಗೆದು ಹಳೆಯ ಮಳೆ ಪುಸ್ತಕದ ಜೊತೆ ಸೇರಿಸಿ ಕಟ್ಟಿಡಿ.